ಮೇಘನಾಳ ಕೋಟು

ನಾವು ಮೈಸೂರಿನಿಂದ ಅಮೆರಿಕದ ಟ್ರಾಯ್‌ಗೆ ಬಂದ ಹೊಸತರಲ್ಲಿ ಕನ್ನಡದ ಮನೆಗಳ ನಡುವೆ ಮಕ್ಕಳ ಬಟ್ಟೆಗಳೂ ನೆಂಟರ ಹಾಗೆ ಓಡಾಡುತ್ತಿದ್ದವು. ಹಬ್ಬಕ್ಕೆ ಯಾರದಾದರೂ ಬೇಸ್‌ಮೆಂಟಿನಲ್ಲಿ ಸೇರಿ ಬಿಸಿಬೇಳೆಬಾತು ಉಂಡು ಹೊರಡುವಾಗ, ಆ ಮನೆಯ ಆಂಟಿ ಒಂದು ಕಪ್ಪು ಪ್ಲಾಸ್ಟಿಕ್ ಚೀಲವನ್ನು ನಮ್ಮ ಕಾರಿನಲ್ಲಿ ಇಡುತ್ತಿದ್ದರು. "ನಮ್ಮವಳಿಗೆ ಚಿಕ್ಕದಾಯ್ತು ಕಣ್ರೀ, ಎಲ್ಲೂ ಹರಿದಿಲ್ಲ." ಮನೆಗೆ ಬಂದು ಅದನ್ನು ಬಿಚ್ಚುವುದು ನನಗೂ ಅಕ್ಕ ಶ್ರೇಯಾಳಿಗೂ ಇನ್ನೊಂದು ಹಬ್ಬ. ಕಣ್ಣು ಮುಚ್ಚಿ ಸ್ವೆಟರುಗಳನ್ನು ಮೂಸಿ, ಇದು ಯಾರ ಮನೆಯದು ಎಂದು ಹೇಳಬೇಕು. ಒಂದರಲ್ಲಿ ಇಂಗಿನ ಒಗ್ಗರಣೆ, ಒಂದರಲ್ಲಿ ಊದುಬತ್ತಿ. ಅಕ್ಕ ಯಾವಾಗಲೂ ಗೆಲ್ಲುತ್ತಿದ್ದಳು.

ಅವಳು ಹನ್ನೊಂದನೇ ತರಗತಿಗೆ, ನಾನು ಒಂಬತ್ತಕ್ಕೆ ಬರುವ ಹೊತ್ತಿಗೆ ಆ ಆಟ ನಿಂತುಹೋಗಿತ್ತು. ನಮ್ಮ ಹೈಸ್ಕೂಲಿನಲ್ಲಿ ಚಳಿಗಾಲ ಬಂತೆಂದರೆ ಯಾರು ಯಾರ ಪಕ್ಕ ಕೂರಬಹುದು ಎಂಬುದನ್ನು ಕೋಟು ತೀರ್ಮಾನಿಸುತ್ತಿತ್ತು. ತೋಳಿನ ಮೇಲೆ ದುಬಾರಿ ಕಂಪನಿಯ ಪುಟ್ಟ ಗುರುತಿದ್ದವರು ಬಸ್ಸಿನ ಹಿಂದಿನ ಸೀಟುಗಳಲ್ಲಿ. ಕೋಟೇ ಇಲ್ಲದೆ ಬರೀ ಹುಡ್ಡಿಯಲ್ಲಿ ಬರುವವರು ಅವರಿಗಿಂತ ಮೇಲು. ಅವರಿಗೆ ಕಾರಿತ್ತು, ಚಳಿಯಲ್ಲಿ ನಿಲ್ಲುವ ಕರ್ಮವಿರಲಿಲ್ಲ.

ಆ ಸಂಕ್ರಾಂತಿಗೆ ಸುಮಾ ಆಂಟಿ ಕೊಟ್ಟ ಚೀಲದಲ್ಲಿ ಅವರ ಮಗಳು ಮೇಘನಾಳ ಹಳೆಯ ಕೋಟಿತ್ತು. ಮೊಣಕಾಲಿನವರೆಗೆ ಬರುವ ನೇರಳೆ ಬಣ್ಣದ ಕೋಟು. ಕಾಲರಿನ ಒಳಗೆ ಬಿಳಿ ದಾರದಲ್ಲಿ 'ಮೇಘನಾ' ಎಂದು ಕನ್ನಡದಲ್ಲಿ ಹೊಲಿದಿತ್ತು. ದೇವಸ್ಥಾನದಲ್ಲಿ ಕೋಟು ನೇತುಹಾಕುವ ಕಡೆ ಅದಲು ಬದಲಾಗಬಾರದೆಂದು ತಾಯಂದಿರು ಹಾಗೆ ಹೊಲಿಯುತ್ತಿದ್ದರು.

"ಬೇಡ ಅಮ್ಮ," ಅಂದಳು ಅಕ್ಕ.

"ಎಷ್ಟು ಬೆಚ್ಚಗಿದೆ ನೋಡೇ. ಹೊಸದು ತಗೊಳೋಕೆ ನಮಗೇನು ಹುಚ್ಚಾ?"

ಮೇಘನಾ ನಮ್ಮ ಬಸ್ಸಿನಲ್ಲೇ ಬರುತ್ತಾಳೆಂಬುದು ಅಮ್ಮನಿಗೆ ಗೊತ್ತಿತ್ತು. ಅದರಿಂದ ಏನಾಗುತ್ತದೆ ಎಂಬುದು ಹೊಳೆಯಲಿಲ್ಲ, ಅಷ್ಟೆ. ಅಮ್ಮನ ಲೆಕ್ಕದಲ್ಲಿ ಅದು ದೊಡ್ಡಪ್ಪನ ಮಗಳ ಲಂಗ ಹಾಕಿಕೊಂಡ ಹಾಗೆ.

ಮೊದಲ ದಿನವೇ ಹಿಂದಿನ ಸೀಟಿನಿಂದ ಮೇಘನಾ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಅಂದಳು: "ಅದು ನಂದು. ಮಮ್ ಡೊನೇಟ್ ಮಾಡಿದ್ದು. ಕಾಲರ್ ನೋಡಿ, ನನ್ನ ಹೆಸರಿದೆ." ಯಾರೋ ಅಕ್ಕನ ಕಾಲರ್ ಮಗುಚಿದರು. "ಇದೇನು, ನೂಡಲ್ಸಾ?" ಬಸ್ಸೆಲ್ಲ ನಕ್ಕಿತು. ತನ್ನದೇ ಹೆಸರಿಗೆ ಮೇಘನಾಳೂ ನಕ್ಕಳು. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಕಿವಿ ಕೆಂಪಗಾಗಿದ್ದನ್ನು ನಾನು ಪಕ್ಕದಿಂದ ನೋಡಿದೆ.

ಮಾರನೆಯ ಬೆಳಿಗ್ಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಗಡ್ಡೆಕಟ್ಟುವ ಚಳಿ. ಇನ್ನೂ ಕತ್ತಲೆ. ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಬಾಗಿಲಲ್ಲಿ, ಕೊಳದ ಪಕ್ಕದಲ್ಲಿ ಬಸ್ ನಿಲ್ಲುತ್ತಿತ್ತು. ಅಲ್ಲಿ ಹತ್ತುವವರು ನಾವಿಬ್ಬರೇ. ಅಕ್ಕ ಕೋಟು ಬಿಚ್ಚಿದಳು.

"ಇದನ್ನ ಹಾಕ್ಕೊಂಡು ನಾನು ಆ ಬಸ್ ಹತ್ತಲ್ಲ."

"ಪೊದೆ ಹಿಂದೆ ಬಚ್ಚಿಡು. ಸಾಯಂಕಾಲ ಹಾಕ್ಕೊಂಡು ಮನೆಗೆ ಹೋದ್ರಾಯ್ತು," ಅಂದೆ. ಉಪಾಯ ನನ್ನದೇ.

ಅವಳು ಸಿಟ್ಟಿನಲ್ಲಿ ಎಸೆದಳು. ಜಾರುವ ಬಟ್ಟೆ, ಪೊದೆ ದಾಟಿ ದಡ ಇಳಿದು ಮಂಜುಗಡ್ಡೆಯ ಮೇಲೆ ಸರ‍್ರನೆ ಕೊಳದ ನಡುವಿಗೆ ಹೋಯಿತು. ಇಬ್ಬರೂ ನಕ್ಕೆವು. ನಿಜವಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅಕ್ಕ ಅಂದಳು, "ಅಮ್ಮ ಕೇಳ್ತಾಳೆ ಕಣೆ. ತಂದ್ಬಿಡ್ತೀನಿ. ಬಸ್ ಬಂದ್ರೆ ನಿಲ್ಸು, ನೋಡ್ಕೋ."

ಕೊಳದ ನಡುವೆ ನೀರಿಗೆ ಗಾಳಿ ಊದುವ ಯಂತ್ರವೊಂದಿತ್ತು. ಅದರ ಸುತ್ತ ಮಂಜುಗಡ್ಡೆ ತೆಳ್ಳಗಿರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಅಕ್ಕ ನಡೆದು ಅಲ್ಲಿಗೆ ಮುಟ್ಟಿದಾಗ ದೊಡ್ಡ ಸದ್ದೇನೂ ಆಗಲಿಲ್ಲ, ಹಪ್ಪಳ ಮುರಿದಷ್ಟೇ. ಅವಳು ಕಂಕುಳಿನವರೆಗೆ ನೀರಿನಲ್ಲಿದ್ದಳು. ಎರಡೂ ಮೊಣಕೈ ಗಡ್ಡೆಯ ಮೇಲೆ. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ.

ಆಗಲೇ ಬಸ್ಸು ತಿರುವಿನಲ್ಲಿ ಬಂತು.

ಇಲ್ಲಿಂದ ಮುಂದಿನದು ನನಗೆ ಈಗಲೂ ದಿನಕ್ಕೊಮ್ಮೆಯಾದರೂ ನಡೆಯುತ್ತದೆ. ಪಾತ್ರೆ ತೊಳೆಯುವಾಗ, ಹೈವೇಯಲ್ಲಿ ಎಕ್ಸಿಟ್ ಹಿಡಿಯುವಾಗ. ಬಾಗಿಲು ತೆರೆಯಿತು. ಹೀಟರಿನ ಬಿಸಿಗಾಳಿ, ಚೂಯಿಂಗ್ ಗಮ್ಮಿನ ವಾಸನೆ. ಕಿಟಕಿಯಲ್ಲಿ ಮೇಘನಾಳ ಮುಖ. ಕೊಳ ಪೊದೆಯ ಆಚೆ, ಅವರಿಗೆ ಕಾಣದು. ಕೂಗಿದರೆ ಎಲ್ಲರೂ ಇಳಿಯುತ್ತಾರೆ, ಫೋನ್ ಹಿಡಿಯುತ್ತಾರೆ, ಆ ಕೋಟಿಗಾಗಿ ನೀರಿಗೆ ಬಿದ್ದ ಅಕ್ಕನನ್ನು ಮಧ್ಯಾಹ್ನದೊಳಗೆ ಇಡೀ ಶಾಲೆ ನೋಡುತ್ತದೆ. ಇಷ್ಟನ್ನೂ ಯೋಚಿಸಲು ನನಗೆ ಸಮಯವಿತ್ತು.

"ಡ್ಯಾಡ್ ಈಸ್ ಡ್ರಾಪಿಂಗ್ ಅಸ್ ಟುಡೇ," ಅಂದೆ ಡ್ರೈವರಮ್ಮನಿಗೆ.

"ಓಕೆ, ಹನಿ. ಸ್ಟೇ ವಾರ್ಮ್." ಬಾಗಿಲು ಮುಚ್ಚಿಕೊಂಡಿತು.

ಅಕ್ಕ ತಾನೇ ಮೇಲೆ ಬರುತ್ತಾಳೆ ಎಂದುಕೊಂಡಿದ್ದೆ. ಬಸ್ಸಿನ ಕೆಂಪು ದೀಪ ಮರೆಯಾಗಿ ನಾನು ತಿರುಗಿದಾಗ ಅವಳ ಒಂದು ಮೊಣಕೈ ಜಾರಿತ್ತು.

ಮೂಲೆ ಮನೆಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದೆ. ಅಲ್ಲಿದ್ದ ಅಜ್ಜ ಪೈಜಾಮದಲ್ಲೇ ಗರಾಜಿನಿಂದ ಅಲ್ಯೂಮಿನಿಯಂ ಏಣಿ ಎಳೆದು ತಂದರು. ಅವರ ಹೆಂಡತಿ ಒಳಗೆ ಫೋನ್ ಮಾಡುತ್ತಿದ್ದರು. ಅಜ್ಜ ಏಣಿಯನ್ನು ಗಡ್ಡೆಯ ಮೇಲೆ ಚಾಚಿ, ಅದರ ಮೇಲೆ ಮಕಾಡೆ ಮಲಗಿ ತೆವಳಿದರು. ನಾನು ದಡದಲ್ಲಿ ಏಣಿಯ ತುದಿ ಹಿಡಿದು ಕೂತಿದ್ದೆ. ಅವಳ ಹುಡ್ಡಿಯ ಟೋಪಿ ಅವರ ಕೈಗೆ ಸಿಕ್ಕಿತು. ಎಳೆದು ತಂದಾಗ ಅಕ್ಕನ ಕೂದಲು ಕಡ್ಡಿಗಳಾಗಿತ್ತು, ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿತ್ತು.

ಆಸ್ಪತ್ರೆಯಲ್ಲಿ ಅಮ್ಮ ಅವಳ ಪಾದ ಬಿಡಲೇ ಇಲ್ಲ. "ಬೇಡ ಅಂತ ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ದೆ," ಅಂದಳು ಅಕ್ಕ. "ನೀನು ಬೆಚ್ಚಗಿದೆ ಅಂದೆ."

ಅಮ್ಮ ಎದ್ದು ಹೊರಗೆ ಹೋದಳು. ಆಗ ಅಕ್ಕ ನನ್ನ ಕಡೆ ತಿರುಗಿದಳು.

"ಬಸ್ ಬಂತಲ್ಲ, ಪುಟ್ಟಿ? ಲೈಟ್ ಕಂಡಹಾಗಾಯ್ತು."

"ಇಲ್ಲ. ಅದು ಸ್ನೋ ತೆಗೆಯೋ ಟ್ರಕ್ಕು."

"ಹೌದಾ," ಅಂದು ಕಣ್ಣು ಮುಚ್ಚಿದಳು.

ಆ ವಾರವೇ ಅಪ್ಪ ಇಬ್ಬರಿಗೂ ತೋಳಿನ ಮೇಲೆ ಗುರುತಿದ್ದ ಕೋಟು ತಂದರು. ಅಮ್ಮ ಯಾರ ಮನೆಯ ಚೀಲವನ್ನೂ ಮತ್ತೆ ಮುಟ್ಟಲಿಲ್ಲ. ಸುಮಾ ಆಂಟಿಯ ಮನೆಗೆ ಹೋಗುವುದು ನಿಂತಿತು. ಬೇರೆಯವರೂ ಕೊಡಲು ಹಿಂಜರಿದರು. ಆ ಒಡನಾಟ ಮುಗಿಯಿತು. ಅದನ್ನು ಮರೆಯಬಲ್ಲೆ.

ನಾನೀಗ ಬೇರೆ ರಾಜ್ಯದ ವೆಸ್ಟ್‌ಮಾಂಟ್‌ನಲ್ಲಿದ್ದೇನೆ, ಅಕ್ಕ ಅಲ್ಲೇ ಟ್ರಾಯ್‌ನಲ್ಲಿ. ಅವಳಿಗೆ ಮಗಳು ಹುಟ್ಟಿದಾಗ ರಜೆ ಹಾಕಿ, ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ಎರಡು ವಾರ ಇದ್ದೆ. ಅಡುಗೆ ಮಾಡಿದೆ, ಬಟ್ಟೆ ಮಡಿಸಿದೆ. ಅಕ್ಕ ನಕ್ಕಳು, ಹರಟಿದಳು, ಹೊರಡುವಾಗ ತಬ್ಬಿಕೊಂಡಳು. ಆದರೆ ಆ ಎರಡು ವಾರದಲ್ಲಿ ಒಂದು ದಿನವೂ, ತಾನು ಸ್ನಾನಕ್ಕೆ ಹೋಗುವಷ್ಟು ಹೊತ್ತು ಕೂಡ, ಮಗುವನ್ನು ನನ್ನೊಬ್ಬಳ ಕೈಯಲ್ಲಿ ಬಿಡಲಿಲ್ಲ. ಗಾಲಿಯ ತೊಟ್ಟಿಲನ್ನು ಬಚ್ಚಲಮನೆಯ ಬಾಗಿಲ ತನಕ ತಾನೇ ತಳ್ಳಿಕೊಂಡು ಹೋಗುತ್ತಿದ್ದಳು.