ಸಕ್ಕುಬಾಯಿ ಕೇಳಿದ ಹೊಲ

ಸೊಪ್ಪು ಕೊಳ್ಳುವುದಕ್ಕೂ ಒಬ್ಬ ಗುಮಾಸ್ತ ಬೇಕೇ ಎಂದು ನನ್ನ ಹೆಂಡತಿ ನೀತಾ ನಗುತ್ತಿದ್ದಳು. ಬೇಕಿತ್ತು. ಆ ಗುಮಾಸ್ತ ನಾನೇ. ಇಂಡಿ ತಾಲೂಕಿನಿಂದ ಪುಣೆಗೆ ಬಂದು, ಒಂದು ಗೋದಾಮಿನಲ್ಲಿ ಹದಿನೆಂಟು ವರ್ಷ ಸವೆದು, ಆಮೇಲೆ ಯೆರವಡಾದ ಒಂದು ಸಣ್ಣ ಟ್ರಸ್ಟಿನ ಕಚೇರಿಯಲ್ಲಿ ಕುರ್ಚಿ ಹಿಡಿದಿದ್ದೆ. ಟ್ರಸ್ಟಿನ ಕೆಲಸ ಇಷ್ಟೇ: ಬಸುರಿಯರು, ಸಣ್ಣ ಮಕ್ಕಳು ಇರುವ ಕೂಲಿಕಾರರ ಮನೆಗೆ ವಾರಕ್ಕೊಂದು ಹಸಿರು ಚೀಟಿ ಕೊಡುವುದು. ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಸುತ್ತಲಿನ ಹಳ್ಳಿಯ ರೈತರು ಟೆಂಪೋ ಮಾಡಿಕೊಂಡು ಬರುತ್ತಿದ್ದರು. ಚೀಟಿ ತೋರಿಸಿದವರಿಗೆ ಅವರು ಕಾಯಿಪಲ್ಲೆ ಕೊಡಬೇಕು. ಬೆಲೆ ಟ್ರಸ್ಟು ತುಂಬಿಕೊಡುತ್ತದೆ. 2001ರ ಮಳೆಗಾಲ ಮುಗಿದ ಮೇಲೆ ಇದು ಶುರುವಾಯಿತು.

ಮೊದಲ ಮೂರು ಭಾನುವಾರ ಮೈದಾನದಲ್ಲಿ ರೈತರಿದ್ದರು, ಮೆಂತ್ಯದ ಗುಡ್ಡೆಗಳಿದ್ದವು, ನಾನಿದ್ದೆ. ಕೊಳ್ಳುವವರೇ ಇರಲಿಲ್ಲ. ನೂರಕ್ಕೂ ಹೆಚ್ಚು ಮನೆಗೆ ಚೀಟಿ ಹಂಚಿದ್ದೆ. ಬಂದವರು ಎಂಟೋ ಒಂಬತ್ತೋ. ನನಗೆ ಪಿತ್ತ ನೆತ್ತಿಗೇರಿತು. ಪುಕ್ಕಟೆ ಕೊಟ್ಟರೂ ಒಲ್ಲದ ಈ ಜನಕ್ಕೆ ಏನು ಹೇಳುವುದು ಎಂದು ಕೂಗಾಡುತ್ತಲೇ ಅವರ ಗುಡಿಸಲುಗಳ ವಸ್ತಿಗೆ ಹೋದೆ. ಅಲ್ಲಿ ನಲ್ಲಿಯ ಹತ್ತಿರ ಕೊಡ ತಿಕ್ಕುತ್ತಿದ್ದ ಒಬ್ಬ ಹೆಂಗಸು ತಲೆ ಎತ್ತದೆಯೇ ಮಾತಾಡಿದಳು.

"ಯಾಕ ಹಂಗ ಒದರ್ಲತ್ತೀರಿ ಅಣ್ಣಾರ? ಅಲ್ಲಿ ಹೋದ್ರ ಏನಂತ ಕೇಳ್ಬೇಕು ಅಂಬೋದೇ ಗೊತ್ತಿಲ್ಲ ನಮ್ಗ. ಪುಂಡಿಪಲ್ಲೆಕ್ಕ ಆ ಮಂದಿ ಏನಂತಾರ? ಬಟ್ಟ ಮಾಡಿ ತೋರ್ಸಲಾಕ ನಾವೇನ್ ಮೂಕರೇನು?"

ಅವಳೇ ಸಕ್ಕುಬಾಯಿ. ಊರು ಗುಲ್ಬರ್ಗಾ ಜಿಲ್ಲೆಯ ಜೇವರ್ಗಿ ಕಡೆ. 1992ರಲ್ಲಿ ಗಂಡ ಅಂಬಾರಾಯನ ಹಿಂದೆ ಪುಣೆಗೆ ಬಂದವಳು. ಗಂಡ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ತಿಂಗಳಿಗೆ ಎರಡು ಸಲ ಮನೆ ಕಾಣುತ್ತಿದ್ದ. ಇವಳು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಮಗಳು ಭಾಗ್ಯಾಗೆ ಆಗ ಎಂಟು ವರ್ಷ, ಸೊಂಟದ ಮೇಲೆ ಇನ್ನೊಂದು ಕೂಸು.

ಮುಂದಿನ ಭಾನುವಾರ ಅವಳು ಏಳು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಮರಾಠಿಯವರ ಅಂಬಾಡಿ ಎಂದರೆ ನಮ್ಮ ಪುಂಡಿ ಎಂದು ನಾನು ಹೇಳಿಕೊಟ್ಟೆ. ಅಷ್ಟೇ ನಾನು ಕಲಿಸಿದ್ದು. ಉಳಿದದ್ದನ್ನೆಲ್ಲ ಅವಳೇ ನನಗೆ ಕಲಿಸಿದಳು. ಮೆಂತ್ಯದ ದಂಟು ಮುರಿದು ಮೂಗಿಗೆ ಹಿಡಿದು, "ಇದು ನಿನ್ನಿ ಮುಂಜಾನೆದು" ಎಂದು ಬದಿಗೆ ಇಡುತ್ತಿದ್ದಳು. ಸುಳ್ಳು ಹೇಳುವ ರೈತನಿಗೆ ಮುಖದ ಮೇಲೆಯೇ ನಗುತ್ತಿದ್ದಳು. ಭಾನುವಾರವೂ ಕೂಲಿಗೆ ಹೋಗಬೇಕಾದವರು ತಮ್ಮ ಚೀಟಿ ಇವಳ ಕೈಗೆ ಕೊಟ್ಟು ಹೋಗುತ್ತಿದ್ದರು. ಓದು ಬಾರದ ಇವಳು ಒಂದೊಂದು ಮನೆಯ ಗಂಟಿಗೆ ಅದೇ ಮನೆಯ ಹಳೆ ಸೀರೆಯ ಚೂರು ಕಟ್ಟುತ್ತಿದ್ದಳು. ಒಂದು ಗಂಟೂ ತಪ್ಪಿ ಬೇರೆ ಮನೆ ಸೇರಿದ್ದಿಲ್ಲ. ನನ್ನ ಕಚೇರಿಯ ಫೈಲುಗಳ ಬಗ್ಗೆ ನಾನು ಹೀಗೆ ಎದೆ ತಟ್ಟಿ ಹೇಳಲಾರೆ.

ಅವಳಿಗೆ ಒಂದು ಚಟವಿತ್ತು. ಹೊಸ ರೈತ ಯಾರೇ ಬರಲಿ, ಸೊಪ್ಪಿನ ದರ ಕೇಳುವ ಮೊದಲು ಇದನ್ನು ಕೇಳುತ್ತಿದ್ದಳು: "ದಾದಾ, ಶೇತ ಕಿತೀ ಲಾಂಬ?" ಹೊಲ ಎಷ್ಟು ದೂರ ಎಂದು. ದೂರದ ಜುನ್ನರದವನು ಜುನ್ನರ ಎಂದರೆ ಅವಳ ಮುಖ ಇಳಿಯುತ್ತಿತ್ತು. ಹತ್ತಿರದ ಹೆಸರು ಹೇಳಿದರೆ, ಬಸ್ಸು ಹೋಗುತ್ತದೆಯೇ, ಇಳಿದು ಎಷ್ಟು ನಡೆಯಬೇಕು ಎಂದು ಬೆನ್ನು ಹತ್ತುತ್ತಿದ್ದಳು. ಪಲ್ಲೆ ತಾಜಾ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಾಳೆ ಎಂದುಕೊಂಡ ನಾನು, "ಫಲಾನುಭವಿಗಳಲ್ಲಿ ತಾಜಾತನದ ಅರಿವು ಮೂಡಿದೆ" ಎಂದು ವಾರ್ಷಿಕ ವರದಿಯಲ್ಲಿ ಬರೆದೇಬಿಟ್ಟೆ. ಟ್ರಸ್ಟಿನವರು ಆ ಸಾಲನ್ನು ಮೆಚ್ಚಿಕೊಂಡರು.

ನನ್ನ ಪೆದ್ದತನ ನನಗೆ ಗೊತ್ತಾದದ್ದು ನಾಲ್ಕನೆಯ ಚಳಿಗಾಲದಲ್ಲಿ. ಎಳ್ಳಮಾಸಿಗೆ ಇನ್ನೂ ಎರಡು ವಾರವಿತ್ತು. ಭೂಮಿ ತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು ಎಂದು ನಮ್ಮ ಕಡೆಯವರು ಹೊಲಕ್ಕೆ ಬುತ್ತಿ ಹೊತ್ತು ಹೋಗುವ ಅಮಾವಾಸ್ಯೆ ಅದು. ಹಸಿಕಡಲೆ, ಹಸಿತೊಗರಿ, ಅವರೆ, ಸಿಕ್ಕ ಸೊಪ್ಪೆಲ್ಲ ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು. ಉಣ್ಣುವ ಮೊದಲು ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಮುಂದೆ ಒಬ್ಬರು ಚೆಲ್ಲುತ್ತಾ ಹೋದರೆ ಹಿಂದೆ ಒಬ್ಬರು ನೀರು ಬಿಡುತ್ತಾ, ಹುಲ್ಲುಲ್ಲಿಗೋ ಎಂದು ಕೂಗು ಹಾಕುತ್ತಾ ಸುತ್ತು ಬರಬೇಕು.

ಆ ಭಾನುವಾರ ವಾಘೋಲಿಯ ಆಚೆಯಿಂದ ಜ್ಞಾನೋಬಾ ಎಂಬ ಹೊಸ ಮುದುಕ ಹಸಿಕಡಲೆ ತಂದಿದ್ದ. ಸಕ್ಕುಬಾಯಿ ಎಂದಿನಂತೆ ಕೇಳಿದಳು. ಹೊಲದ ಹತ್ತಿರದವರೆಗೂ ಬಸ್ಸಿದೆ ಎಂದ. ಹೊಲದಲ್ಲಿ ಜೋಳ ನಿಂತಿದೆಯೇ, ಗಿಡದ ನೆರಳಿದೆಯೇ ಎಂದೂ ಕೇಳಿದಳು. "ಯಾಕೆ ಬಾಯಿ, ಕೊಳ್ಳುತ್ತೀಯಾ?" ಎಂದು ಅವನು ಮರಾಠಿಯಲ್ಲಿ ನಕ್ಕ. ಸುತ್ತಲಿದ್ದವರೂ ನಕ್ಕರು. ಅವಳು ನಗಲಿಲ್ಲ.

ನಾನು ಅವಳನ್ನು ಬದಿಗೆ ಕರೆದೆ. "ನಾಕ ವರ್ಷದಿಂದ ಇದ ಕೇಳಾಕತ್ತಿ. ಹೊಲಾ ತೊಗೊಂಡು ಏನ ಮಾಡ್ತಿ ಸಕ್ಕುಬಾಯಿ?"

"ಚರಗಾ ಚೆಲ್ಬೇಕಾಗ್ಯಾದ್ರಿ," ಎಂದಳು.

ಊರಿನಲ್ಲೂ ಅವಳಿಗೆ ಹೊಲವಿರಲಿಲ್ಲ. ಅವ್ವ ಮಾನಮ್ಮ ಬೇರೆಯವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಆದರೆ ಎಳ್ಳಮಾಸಿಯ ದಿನ ಯಾರೂ ಯಾರನ್ನೂ ಹೊಲದಿಂದ ಹೊರಗೆ ಹಾಕುವುದಿಲ್ಲ. ಅವ್ವನೂ ಚರಗ ಚೆಲ್ಲುತ್ತಿದ್ದಳು. ಪುಣೆಗೆ ಬಂದ ಮೊದಲ ಎಳ್ಳಮಾಸಿಗೆ ಸಕ್ಕುಬಾಯಿಯ ಹೊಟ್ಟೆಯಲ್ಲಿ ಭಾಗ್ಯಾ ಇದ್ದಳು. ಭಜ್ಜಿ ತಿನ್ನುವ ಬಯಕೆ, ಮಾಡಲು ಕಡಲೆ ಇಲ್ಲ. ಮರುವರ್ಷ ಹೇಗೋ ಮಾಡಿ, ಚರಗವನ್ನು ಕಟ್ಟಡದ ಉಸುಕಿನ ಗುಡ್ಡೆಯ ಮೇಲೆ ಚೆಲ್ಲಿದಳು. ನಾಯಿ ತಿಂದವು, ಉಸುಕು ಕೆಡಿಸಿದ್ದಕ್ಕೆ ಕೂಲಿಗಳ ಮೇಸ್ತ್ರಿ ಮುಕಾದಮ ಬೈದ. ಅದರ ಮರುವರ್ಷ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸೊಸೈಟಿಯ ಹೂದೋಟಕ್ಕೆ ಹೋದಳು. ಕಾವಲಿನವನು ಓಡಿಸಿದ.

"ಹನ್ನೊಂದು ವರ್ಷ ಆತ್ರಿ ಅಣ್ಣಾರ. ನಾವು ಉಣ್ಣತೀವಿ, ಆಕಿಗಿ ಹಾಕಂಗಿಲ್ಲ. ಈ ಊರಾಗ ಮಣ್ಣ ಭಾಳ ಅದ, ಹೊಲಾ ಇಲ್ಲ."

ನಾನೂ ಎಳ್ಳಮಾಸಿಯ ಊಟ ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಪುಣೆಯಲ್ಲೇ ಹುಟ್ಟಿ ಬೆಳೆದ ನೀತಾಗೆ ಅದು ತಿಳಿಯದು. ನಾನು ತಿಳಿಸಿಯೂ ಇರಲಿಲ್ಲ. ತಿಳಿಸಿದರೆ ಊರಿನ ಹಂಬಲ ಮೇಲೆ ಬರುತ್ತದೆ ಎಂಬ ಹೆದರಿಕೆ ಇತ್ತು.

ನಾನೇ ರೈತರ ಹತ್ತಿರ ಮಾತಾಡಲು ಹೋದೆ. ಇಬ್ಬರು ಕೇಳಿದ ಕೂಡಲೇ ಕೈ ಮುಗಿದರು. ಪರವೂರಿನ ಹೆಂಗಸು ಅಮಾವಾಸ್ಯೆಯ ದಿನ ಕುಂಕುಮ ಬೆರೆತ ಅನ್ನ ತಂದು ಹೊಲದಲ್ಲಿ ಚೆಲ್ಲುತ್ತಾಳೆ ಎಂದರೆ ಅವರಿಗೆ ಮಾಟ ಎಂದೇ ಅನ್ನಿಸಿತು. ಅವರದೇನೂ ತಪ್ಪಿಲ್ಲ, ಯಾರಿಗಾದರೂ ಹಾಗೇ ಅನ್ನಿಸೀತು. ಜ್ಞಾನೋಬಾ ಮಾತ್ರ ನೋಡೋಣ ಎಂದು ಟೆಂಪೋ ಹತ್ತಿದ. ಮುಂದಿನ ಭಾನುವಾರ ಬಂದವನೇ, "ಬರಲಿ. ಈ ವರ್ಷವೇ ಬರಲಿ," ಎಂದ.

ಎಳ್ಳಮಾಸಿಯ ದಿನ ಕಚೇರಿಗೆ ಜ್ವರ ಎಂದು ಸುಳ್ಳು ಹೇಳಿ ನಾನೂ ಹೊರಟೆ. ಅಂಬಾರಾಯನಿಗೆ ರಜೆ ಸಿಕ್ಕಿರಲಿಲ್ಲ. ಸಕ್ಕುಬಾಯಿ, ಭಾಗ್ಯಾ, ವಸ್ತಿಯ ನಾಲ್ಕು ಹೆಂಗಸರು. ಆ ವಾರದ ಚೀಟಿಯೆಲ್ಲ ಭಜ್ಜಿಗೇ ಹೋಗಿತ್ತು. ಬಸ್ಸಿನಲ್ಲಿ ಬುಟ್ಟಿಯ ವಾಸನೆಗೆ ಜನ ತಿರುಗಿ ನೋಡುತ್ತಿದ್ದರು. ಸಕ್ಕುಬಾಯಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಅದು ಅವಳ ಮದುವೆಯದು.

ಬಸ್ಸಿಳಿದು ಒಂದು ಮೈಲಿ ನಡೆದ ಮೇಲೆ ಜೋಳ ಕಂಡಿತು. ಎದೆಮಟ್ಟ ನಿಂತಿತ್ತು, ತೆನೆ ಹಾಲುಗಟ್ಟಿತ್ತು. ಸಕ್ಕುಬಾಯಿ ಬುಟ್ಟಿ ಇಳಿಸಿ, ಕುಕ್ಕರಗಾಲಿನಲ್ಲಿ ಕೂತು ಒಂದು ಹೆಂಟೆ ಮಣ್ಣು ಪುಡಿ ಮಾಡಿ ಮೂಸಿದಳು. "ಭಾಗ್ಯಾ, ಬಾ ಇಲ್ಲಿ, ಮೂಸು," ಎಂದು ಮಗಳ ಮೂಗಿಗೂ ಹಿಡಿದಳು. ಜಾಲಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿದರು. ಅಷ್ಟು ನಗುತ್ತಿದ್ದ ಅವಳನ್ನು ನಾನು ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ.

ಚರಗದ ಬುಟ್ಟಿ ಎತ್ತಿಕೊಂಡು ಹೊರಟವಳು ಜೋಳದ ಅಂಚಿಗೆ ಬಂದು ನಿಂತುಬಿಟ್ಟಳು. ಅಲ್ಲಿಂದಾಚೆ ಹೊಲ ಖಾಲಿಯಿತ್ತು. ಗೂಟ ಹೊಡೆದು ದಾರ ಎಳೆದಿದ್ದರು. ನೆಲದ ಮೇಲೆ ಬಿಳಿ ಗೆರೆಗಳು. ನಾನು ಗೊಬ್ಬರ ಎಂದುಕೊಂಡೆ.

"ಸುಣ್ಣದ ಗೆರಿ," ಎಂದಳು. ಆಮೇಲೆ ಬೆರಳು ಮಾಡಿ ತೋರಿಸಿದಳು. "ಇಲ್ಲೊಂದು ಕಾಲಮ್ ಬರ್ತದ. ಅಲ್ಲೊಂದು. ಈ ಚೌಕ ಅದಲಾ, ಅದು ಲಿಫ್ಟಿನ ಜಾಗಾ." ಹನ್ನೆರಡು ವರ್ಷ ಅವಳು ಇಂಥ ಗೆರೆಗಳ ಮೇಲೆಯೇ ಇಟ್ಟಿಗೆ ಹೊತ್ತಿದ್ದಳು. ಅವಳಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ.

ಜ್ಞಾನೋಬಾ ತಲೆಯ ಟೋಪಿ ತೆಗೆದ. "ಅರ್ಧ ಮಾರಿಹೋಯಿತು ಬಾಯಿ," ಎಂದ ಮರಾಠಿಯಲ್ಲಿ. "ಉಳಿದದ್ದು ಯುಗಾದಿ ಪಾಡವಾ ಆದ ಮೇಲೆ. ಇದು ಕೊನೆಯ ಜೋಳ. ಬಂದವರೆಲ್ಲ ಗುಂಟೆಗೆ ಎಷ್ಟು ಎಂದರು. ಹೊಲದಲ್ಲಿ ಏನು ನಿಂತಿದೆ ಎಂದು ನೀನೊಬ್ಬಳೇ ಕೇಳಿದೆ. ಹೋಗುವ ಮೊದಲು ಇದಕ್ಕೆ ಯಾರಾದರೂ ಒಂದು ತುತ್ತು ಹಾಕಲಿ ಅನ್ನಿಸಿತು."

ಸಕ್ಕುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಜೋಳದೊಳಗೆ ಹೊಕ್ಕು ಚರಗ ಚೆಲ್ಲತೊಡಗಿದಳು. ಹಿಂದೆ ನೀರಿನ ತಂಬಿಗೆ ಹಿಡಿಯಬೇಕಾದ ಗಂಡ ಇರಲಿಲ್ಲ, ಜ್ಞಾನೋಬಾ ಹಿಡಿದ. ಕೂಗು ಅವನಿಗೆ ಬಾರದು. ಹೆಂಗಸರು ನನ್ನ ಮುಖ ನೋಡಿದರು. ಇಸ್ತ್ರಿ ಅಂಗಿಯ ನಾನು ನಾಚಿಕೆ ಬಿಟ್ಟು ಕೂಗಿದೆ: "ಹುಲ್ಲುಲ್ಲಿಗೋ!" ಮೊದಲ ಸಲ ದನಿ ಒಡೆಯಿತು. ಎರಡನೆಯ ಸಲ ನನ್ನಪ್ಪನ ದನಿಯೇ ಬಂತು. ನಾನು ಅಳುತ್ತಿದ್ದೆ, ಕೂಗುತ್ತಲೂ ಇದ್ದೆ.

ಜೋಳ ಮುಗಿದು ದಾರ ಬಂದಾಗ ಜ್ಞಾನೋಬಾ ನಿಂತ. ಅಲ್ಲಿಂದ ಮುಂದೆ ತನ್ನದಲ್ಲ ಎಂದ.

ಸಕ್ಕುಬಾಯಿ ಅವನನ್ನಲ್ಲ, ನನ್ನನ್ನು ಕೇಳಿದಳು: "ಬಸುರಿಗಿ ಯಾರರೆ ಅರ್ಧಾ ಹೊಟ್ಟಿ ಉಣಸ್ತಾರೇನ್ರಿ ಅಣ್ಣಾರ?"

ನಾನು ಅದನ್ನು ಮರಾಠಿಯಲ್ಲಿ ಹೇಳುವಷ್ಟರಲ್ಲಿ ಅವಳು ಸೀರೆ ಎತ್ತಿ ಹಿಡಿದು ದಾರ ದಾಟಿದ್ದಳು. ಮುದುಕನೂ ದಾಟಿದ. ಖಾಲಿ ನೆಲದಲ್ಲಿ ಅವಳು ಗೆರೆ ಹಿಡಿದು ನಡೆದಳು. ಕಾಲಮ್ ಬರುವ ಒಂದೊಂದು ಗುರುತಿನಲ್ಲೂ ಬಗ್ಗಿ, ಮಗುವಿನ ತಟ್ಟೆಗೆ ಹಾಕುವಂತೆ ಒಂದೊಂದು ಹಿಡಿ ಇಟ್ಟಳು. ಅವನು ಅದರ ಮೇಲೆ ನೀರು ಬಿಟ್ಟ. ಆಮೇಲೆ ನಾವೆಲ್ಲ ಜಾಲಿಯ ನೆರಳಿನಲ್ಲಿ ಕೂತು ಉಂಡೆವು. ಜ್ಞಾನೋಬಾ ಎರಡು ಸಲ ಭಜ್ಜಿ ಹಾಕಿಸಿಕೊಂಡ.

ಮುಂದಿನ ವರ್ಷ ಶಾಲೆಯವರು ಮೈದಾನ ಕೊಡಲಿಲ್ಲ, ಟ್ರಸ್ಟು ಚೀಟಿ ನಿಲ್ಲಿಸಿತು, ನಾನು ಬೇರೆ ಕೆಲಸ ಹಿಡಿದೆ. ಸಕ್ಕುಬಾಯಿ ಸೀರೆಯ ಚೂರುಗಳ ಗಂಟನ್ನು ಮಾತ್ರ ಬಿಡಲಿಲ್ಲ. ಹೆಂಗಸರನ್ನು ಕೂಡಿಸಿ, ಮಾರ್ಕೆಟ್ ಯಾರ್ಡಿನಿಂದ ಒಟ್ಟಿಗೆ ತಂದು ಹಂಚುತ್ತಿದ್ದಳು. ಅಲ್ಲಿ ಹೊಲ ಎಷ್ಟು ದೂರ ಎಂದು ಕೇಳಿದರೆ ಉತ್ತರ ಹೇಳುವವರು ಇರಲಿಲ್ಲ.

2006ರ ಒಂದು ಬೆಳಿಗ್ಗೆ ನಾನು ಸ್ಕೂಟರಿನಲ್ಲಿ ಹೋಗುವಾಗ, ಕೂಲಿಗಳು ನಿಲ್ಲುವ ನಾಕಾದಲ್ಲಿ ಗಲಾಟೆ ನಡೆದಿತ್ತು. ತುಂಬಿದ ಟೆಂಪೋದಿಂದ ಸಕ್ಕುಬಾಯಿ ಇಳಿಯುತ್ತಿದ್ದಳು. ಮುಕಾದಮ ಬೈಯುತ್ತಿದ್ದ. ಮೂರು ತಿಂಗಳ ಕೆಲಸ, ಕೂಲಿಯೂ ಹೆಚ್ಚು, ಹತ್ತಿದ ಮೇಲೆ ಇಳಿಯುತ್ತಾಳಲ್ಲ ಎಂದು. ನಾನು ಗಾಡಿ ನಿಲ್ಲಿಸಿ ಏನಾಯಿತು ಎಂದೆ.

"ವಾಘೋಲಿ ಆಚಿ ಅಂದಾರ್ರಿ, ಆ ಜ್ಞಾನೋಬಾನ ಜಾಲಿ ಗಿಡದ ಹತ್ರ ಅಂದಾರ್ರಿ," ಎಂದಳು. "ಆ ನೆಲದ ಮ್ಯಾಲ ನಾ ಇಟ್ಟಂಗಿ ಹೊರಂಗಿಲ್ರಿ. ಕೈಯಾರೆ ಉಣಿಸಿ ಬಂದೀನಿ."

ಟೆಂಪೋ ಹೊರಟಿತು. ಅವಳು ಬುತ್ತಿಯ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಮನೆಯ ಕಡೆ ನಡೆದಳು. ಆ ದಿನ ಅವಳಿಗೆ ಬೇರೆ ಕೂಲಿ ಸಿಗಲಿಲ್ಲ.