ಕೂರಲು ಒಪ್ಪದ ಕತ್ತರಿಯಣ್ಣ

ಬೆಳಕು ಇನ್ನೂ ಹರಿದಿಲ್ಲ. ಬೀದಿಯವರೆಲ್ಲ ಕತ್ತರಿಯಣ್ಣ ಎನ್ನುವ ಕ್ಷೌರಿಕ ಹಾಸಿಗೆಯಲ್ಲೇ ಇದ್ದಾರೆ. ಹೆಂಡತಿ ಅವರ ಎಡಗಾಲಿಗೆ ಬಿಗಿಯಾದ ಕಾಲುಚೀಲ ಏರಿಸುತ್ತಿದ್ದಾರೆ. ಪಾದ ನೆಲಕ್ಕೆ ತಾಗುವ ಮೊದಲೇ ಇದು ಮುಗಿಯಬೇಕು. ಎದ್ದು ನಿಂತರೆ ರಕ್ತ ಕೆಳಗಿಳಿದು ಕಾಲು ಊದಿಕೊಳ್ಳುತ್ತದೆ, ಆಮೇಲೆ ಚೀಲ ಹತ್ತುವುದೇ ಇಲ್ಲ.

"ಮದುವೆ ದಿನಾನೂ ನನ್ನ ಇಷ್ಟು ಬಿಗಿಯಾಗಿ ಹಿಡ್ಕೊಂಡಿರಲಿಲ್ಲ ನೀನು."

"ಮಾತು ಆಮೇಲೆ. ಹಿಮ್ಮಡಿ ನೆಟ್ಟಗಿಡಿ."

ಅವರದು ಒಂದೇ ಕುರ್ಚಿಯ ಅಂಗಡಿ. ಮೂವತ್ತು ವರ್ಷಗಳಿಂದ ಊರೆಲ್ಲ ಅದರಲ್ಲಿ ಕೂತಿದೆ, ಅಣ್ಣ ಮಾತ್ರ ಅದರ ಸುತ್ತ ನಿಂತೇ ಇದ್ದಾರೆ. ಕಾಲಿನಿಂದ ಮೇಲೇರುವ ರಕ್ತ ಹಿಂದಕ್ಕೆ ಜಾರದಂತೆ ತಡೆಯಲು ರಕ್ತನಾಳದೊಳಗೆ ಪುಟ್ಟ ಕವಾಟಗಳಿರುತ್ತವೆ. ಅಣ್ಣನ ಕಾಲಲ್ಲಿ ಅವು ಸೋತಿವೆ. ಮೀನಖಂಡದ ಮೇಲೆ ನಾಳಗಳು ಹಗ್ಗದಂತೆ ಉಬ್ಬಿವೆ. "ಸಂಜೆ ಆದ್ರೆ ಕಾಲೊಳಗೆ ಒದ್ದೆ ಮರಳು ತುಂಬಿದಂಗೆ," ಎನ್ನುತ್ತಾರೆ. ಹೋದ ವರ್ಷ ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ ಒಡೆದು ಹುಣ್ಣಾಯಿತು. ಕೂತು ಕೆಲಸ ಮಾಡಿ, ಇಲ್ಲವೇ ಅಂಗಡಿ ಮುಚ್ಚಿ ಎಂದರು ವೈದ್ಯೆ.

ಹೆಂಡತಿ ಎತ್ತರದ ಗಾಲಿ ಸ್ಟೂಲು ತಂದರು. ಅಣ್ಣ ಅದರ ಮೇಲೆ ಟವೆಲು ಪೇರಿಸಿಟ್ಟರು. "ಗಿರಾಕಿ ಮುಂದೆ ಕೂರೋದಾ? ನಮ್ಮಪ್ಪ ಕಲಿಸಿದ ಕಸುಬಲ್ಲಿ ಅದಿಲ್ಲ."

ಆ ಹಟ ಮುರಿದದ್ದು ನಿವೃತ್ತ ಬಸ್ ಚಾಲಕರೊಬ್ಬರು. ಅವರ ಒಂದು ಕೆನ್ನೆ ನುಣುಪಾಗಿತ್ತು, ಇನ್ನೊಂದರಲ್ಲಿ ನೊರೆಯಿತ್ತು. ಹುಣ್ಣು ಸೋರಿ ಅಣ್ಣನ ಕಾಲುಚೀಲ ಒದ್ದೆಯಾಗಿದ್ದು ಕಂಡಿದ್ದೇ ತಡ, ಎದ್ದು ನಿಂತುಬಿಟ್ಟರು.

"ಯಾಕೆ ಎದ್ರಿ ಯಜಮಾನ್ರೇ?"

"ನೀನು ಕೂರೋವರೆಗೂ ನಾನೂ ಕೂರಲ್ಲ ಕಣಯ್ಯ."

"ಅರ್ಧ ಗಡ್ಡದಲ್ಲಿ ಮನೆಗೆ ಹೋಗ್ತೀರಾ?"

"ಹೋಗ್ತೀನಿ. ಯಾರು ಮಾಡಿದ್ದು ಅಂತ ಕೇಳಿದವ್ರಿಗೆಲ್ಲ ನಿನ್ನ ಹೆಸರೇ ಹೇಳ್ತೀನಿ."

ಕಸುಬಿನ ಮಾನದ ಪ್ರಶ್ನೆ. ಟವೆಲುಗಳು ಕೆಳಗಿಳಿದವು.

ಈಗ ತಲೆಗೂದಲು ನಿಂತು, ಗಡ್ಡ ಕೂತು. ಕೈಗೆ ಬಿಡುವಾದಾಗ ಹಿಮ್ಮಡಿ ಎತ್ತಿ ಇಳಿಸುತ್ತಾರೆ, ಮೀನಖಂಡ ಹಿಂಡಿದಷ್ಟೂ ರಕ್ತ ಮೇಲಕ್ಕೆ ಹೋಗುತ್ತದಂತೆ. ಮಧ್ಯಾಹ್ನ ಬೆಂಚಿನ ಮೇಲೆ ಮಲಗಿ ಕಾಲುಗಳನ್ನು ಗೋಡೆಗೆ ಏರಿಸಿಬಿಡುತ್ತಾರೆ. ಅಷ್ಟು ಹೊತ್ತು ಗಿರಾಕಿಗಳೇ ಹೊರಗೆ ನಿಂತು ಹರಟುತ್ತಾರೆ. ಹುಣ್ಣಿನ ಜಾಗದಲ್ಲಿ ತೆಳ್ಳನೆಯ ಹೊಸ ಚರ್ಮ ಬಂದಿದೆ. ಅಂಗಡಿ ತೆರೆದೇ ಇದೆ.

"ಮೊದಮೊದಲು ಕೂರೋಕೆ ನಾಚಿಕೆ ಆಗೋದು," ಎನ್ನುತ್ತಾರೆ ಅಣ್ಣ, ಕತ್ತಿ ಒರೆಸುತ್ತ. "ನಿನ್ನೆ ಒಬ್ಬ ಹೊಸಬ ಬಂದಿದ್ದ. ಇವನೇನಂತಾನೋ ಅಂದ್ಕೊಂಡೇ ಸ್ಟೂಲು ಎಳ್ಕೊಂಡೆ. ಒಂದು ಕೆನ್ನೆ ಮುಗಿಯೋದ್ರಲ್ಲಿ ಗೊರಕೆ ಹೊಡೀತಿದ್ದ. ಗಂಟಲ ಮೇಲೆ ಕತ್ತಿ ಇದ್ರೆ ಯಾರ ಮುಂದೆ ಬೇಕಾದ್ರೂ ನಿದ್ದೆ ಬರುತ್ತಾ? ಕೂತು ಮಾಡೋ ಕೈನೂ ನಂಬಿದ ಅಂತ ತಾನೆ!"