ಬಾಯಿ ಮೇಲೆ ಬೆರಳು

ಆಕೆಯ ಬಲಗೈ ತುಂಬ ಬಿಸಿ ಸಾಂಬಾರು ಸಿಡಿದ ಕಲೆಗಳಿದ್ದವು. ಮುಖದ ಎಡಭಾಗದಲ್ಲಿ, ಹಣೆಯಿಂದ ದವಡೆಯವರೆಗೆ, ಕರಡಿಯ ಉಗುರು ಎಳೆದ ನಾಲ್ಕು ಗೆರೆಗಳಿದ್ದವು. ಕಣ್ಣಿರಬೇಕಾದಲ್ಲಿ ಹೊಲಿದು ಮುಚ್ಚಿದ ರೆಪ್ಪೆ. ಕೈಮೇಲಿನವು ಆಕೆಯ ಸ್ವಂತ ಸಂಪಾದನೆ. ಮುಖದ ಮೇಲಿನವು ನಾನು ಕೊಡಿಸಿದವು.

ಹುಲಿಹೈದರದ ಆಚೆಗಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಮಾಸ್ತರ, ಆಕೆ ಬಿಸಿಯೂಟ ಮಾಡುವಾಕೆ. ಮಕ್ಕಳ ಬಾಯಲ್ಲಿ ಆಕೆ ಅಡಗಿ ಅವ್ವ. ನನಗೂ ಅದೇ ರೂಢಿಯಾಯಿತು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು, ಹದಿನೈದು ವರ್ಷದವರೆಗೆ ಗುಡ್ಡದ ಮೇಲೇ ಬೆಳೆದವಳು. ಅದಕ್ಕೇ ಇರಬೇಕು, ಮೆತ್ತಗೆ ಮಾತಾಡುವುದು ಆಕೆಗೆ ಬರುತ್ತಲೇ ಇರಲಿಲ್ಲ. ಪಕ್ಕದಲ್ಲೇ ಕೂತವರಿಗೆ ಉಪ್ಪು ಬೇಕೇ ಎಂದು ಕೇಳಿದರೂ ಓಣಿಯ ಕೊನೆಯವರು ಬೇಡ ಎನ್ನಬಹುದಿತ್ತು. ನಾನು ಲೆಕ್ಕ ಕಲಿಸುವಾಗ ಅಡುಗೆಕೋಣೆಯಿಂದ "ಏ ಭಾಡ್ಯಾ, ಮಾಸ್ತರ ಹೇಳೋದು ಕೇಳ!" ಎಂಬ ಕೂಗು ಬಂದರೆ ಹುಡುಗರ ಜೊತೆ ನಾನೂ ಬೆಚ್ಚಿಬೀಳುತ್ತಿದ್ದೆ.

ಕೈಯೂ ಬಾಯಿಯಷ್ಟೇ ಮುಂದೆ. ಒಂದು ದಿನ ಒಬ್ಬ ತಂದೆ ಕುಡಿದು ಬಂದು, ಆರನೆಯ ತರಗತಿಯಲ್ಲಿದ್ದ ಮಗಳ ಜಡೆ ಹಿಡಿದು ಎಳೆಯತೊಡಗಿದ. ಬೀಜದ ಹತ್ತಿಯ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಕೈಗಳು ಬೇಕಂತೆ. ನಾನು ನಿಯಮ, ಕಾನೂನು ಎಂದೆಲ್ಲ ತಿಳಿಹೇಳುತ್ತಿದ್ದೆ. ಅಡಗಿ ಅವ್ವ ಕುದಿಯುವ ಬೇಳೆಯಿಂದ ಉದ್ದನೆಯ ಸೌಟು ಎತ್ತಿಕೊಂಡು ಬಂದವಳೇ ಅವನ ಬಾಯಿಗೆ ಒಂದೇ ಏಟು ಹಾಕಿದಳು. ಹಲ್ಲೊಂದು ಅಂಗಳಕ್ಕೆ ಬಿತ್ತು, ಅಂಗಿಯೆಲ್ಲ ರಕ್ತವಾಯಿತು. "ಮತ್ತ ಆ ಜಡಿ ಮುಟ್ಟು, ಉಳದಾವೂ ಎಣಿಸ್ತೀನಿ" ಎಂದಳು. ಆಮೇಲೆ ಸೌಟು ತೊಳೆದುಕೊಂಡು ಹೋಗಿ ಬೇಳೆ ತಿರುವಿದಳು. ಹುಡುಗಿ ಏಳನೆಯ ತರಗತಿಗೆ ಬಂದಳು. ಇಂಥ ಹೆಂಗಸಿಗೆ ಬಾಯಿ ಮುಚ್ಚು ಎಂದವನು ನಾನು.

ಆ ಚಳಿಗಾಲ ನನಗೆ ಹಕ್ಕಿಗಳ ಹುಚ್ಚು ಹತ್ತಿತ್ತು. ಕೊಪ್ಪಳದ ಗೆಳೆಯನಿಂದ ಬೈನಾಕ್ಯುಲರ್ ಇಸಿದುಕೊಂಡು, ಒಂದು ಶನಿವಾರ ಬೆಳಗಿನ ಶಾಲೆಯ ಹೊತ್ತಿಗೆ ಏಳನೆಯ ತರಗತಿಯ ಹನ್ನೊಂದು ಮಕ್ಕಳನ್ನು ಊರ ಹಿಂದಿನ ಗುಡ್ಡಕ್ಕೆ ಹೊರಡಿಸಿದೆ. ಸಣ್ಣ ಗುಡ್ಡ, ಮುಕ್ಕಾಲು ತಾಸಿನಲ್ಲಿ ತುದಿ ಮುಟ್ಟಬಹುದು. ಅಡಗಿ ಅವ್ವ ಉಪ್ಪಿಟ್ಟಿನ ಡಬ್ಬಿ ತಲೆಮೇಲೆ ಹೊತ್ತು, ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ಸೌಟು ಹಿಡಿದು ಬಂದಳು. ಕಡಲೆ ಹೊಲ ದಾಟಿ ಬಂಡೆಗಳು ಶುರುವಾಗುತ್ತಲೇ ತಾಟು ಬಡಿಯತೊಡಗಿದಳು. ಪ್ರತಿ ಸಂದಿಯ ಮುಂದೆ ನಿಂತು "ಹೋಓಓ" ಎಂದು ಕೂಗುವುದು, ಸ್ವಲ್ಪ ಕಾಯುವುದು, ಆಮೇಲೆ ಕಾಲಿಡುವುದು. ಅಲ್ಲಿಯ ಕುರಿಗಾರರೆಲ್ಲ ಹಾಗೇ ನಡೆಯುತ್ತಾರೆ. ಹಗಲು ಬಂಡೆಯ ನೆರಳಲ್ಲಿ ಮಲಗಿರುವ ಕರಡಿಗೆ ಎದ್ದು ಹೋಗಲು ಹೊತ್ತು ಕೊಡುವ ಕ್ರಮ ಅದು. ನನ್ನ ಹಕ್ಕಿಗಳೂ ಹೊತ್ತು ಸಿಕ್ಕಿತೆಂದು ಹಾರಿಹೋದವು.

ಮೂರನೆಯ ಕೂಗಿಗೆ ನನ್ನ ತಲೆ ಕೆಟ್ಟಿತು. ತಾಟು, ಸೌಟು ಎರಡನ್ನೂ ಕಸಿದುಕೊಂಡು ನನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದೆ.

"ಗುಡ್ಡದಾಗ ಸದ್ದ ಬೇಕ್ರಿ ಮಾಸ್ತರ" ಎಂದಳು.

"ಇದು ಪಾಠ. ಪಾಠದಾಗ ಗದ್ದಲ ನಡ್ಯೂದಿಲ್ಲ. ನೀನೂ ಬಾಯಿ ಮುಚ್ಚಬೇಕು."

ಮಕ್ಕಳ ಕಡೆ ತಿರುಗಿ, ತರಗತಿಯಲ್ಲಿ ದಿನವೂ ಹೇಳುವಂತೆ, "ಎಲ್ಲಾರೂ ಬಾಯಿ ಮೇಲೆ ಬೆರಳು" ಎಂದೆ. ಹನ್ನೊಂದು ತುಟಿಗಳ ಮೇಲೆ ಹನ್ನೊಂದು ಬೆರಳು ಕೂತವು. ಮಾಸ್ತರನ ಮಾತು ಮೀರಬಾರದೆಂದು ಅವ್ವನೂ ಸುಮ್ಮನಾದಳು. ಆ ಸಾಲು ನೋಡಿ ನನಗೆ ಎಂಥ ಹೆಮ್ಮೆ! ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಬಾರಿಹಣ್ಣಿನ ಗಿಡದ ಹತ್ತಿರ ಯಾರೋ ಅಂಗಿ ಜಗ್ಗಿದರು. ಆ ಜಡೆಯ ಹುಡುಗಿ. ಕಣ್ಣು ದೊಡ್ಡವಾಗಿದ್ದವು, ಬಂಡೆಯ ಕಡೆ ನೆಟ್ಟಿದ್ದವು, ಬೆರಳು ಮಾತ್ರ ತುಟಿಯ ಮೇಲೇ ಇತ್ತು. ನಾನು ಅವಳನ್ನು ಗದರಿಸುವಂತೆ ನೋಡಿ ಬೈನಾಕ್ಯುಲರಿಗೆ ಕಣ್ಣು ಹಚ್ಚಿದೆ. ಮತ್ತೆ ಜಗ್ಗಿದಳು. ಕೂಗಲಿಲ್ಲ. ನಾನು ಕಲಿಸಿದ್ದೇ ಹಾಗೆ.

ಕರಡಿ ಹತ್ತು ಹೆಜ್ಜೆ ದೂರದ ಬಂಡೆಯಡಿಯಿಂದ ಎದ್ದು ಗುರ್ರೆಂದು ನೇರ ಆ ಹುಡುಗಿಯ ಮೇಲೆ ಬಂತು. ಅವ್ವ ಡಬ್ಬಿ ಎಸೆದು, ಹುಡುಗಿಯನ್ನು ಮುಳ್ಳಿನ ಪೊದೆಗೆ ದಬ್ಬಿ, ಬರಿಗೈಯಲ್ಲಿ ಅದರ ಎದುರಿಗೆ ನಿಂತಳು. ಅದು ಎರಡು ಕಾಲಮೇಲೆ ನಿಂತು ಆಕೆಯ ಮುಖಕ್ಕೆ ಬಾರಿಸಿತು. ಚರ್ಮ ಹರಿದ ಸದ್ದು ನನಗೆ ಕೇಳಿಸಿತು. ಕೆಳಗೆ ಕೆಡವಿ ತಲೆಗೆ ಬಾಯಿ ಹಾಕಿತು. ಆಕೆ ಎಡಗೈಯನ್ನು ಅದರ ಬಾಯೊಳಗೆ ತುರುಕಿ, ಬಲಗೈ ಮುಷ್ಟಿಯಿಂದ ಮೂತಿಗೆ ಗುದ್ದುತ್ತಲೇ ಇದ್ದಳು, "ಓಡ್ರೋ, ಓಡ್ರೋ" ಎಂದು ಒದರುತ್ತಲೇ ಇದ್ದಳು. ಯಾವ ಮಗುವೂ ಓಡಲಿಲ್ಲ. ಬೆರಳು ತೆಗೆದು ಚೀರಿಕೊಂಡು, ಕೈಗೆ ಸಿಕ್ಕ ಕಲ್ಲು ತೂರಿದವು. ಕಲ್ಲು ಕರಡಿಗೂ ಬಿದ್ದವು, ಅವ್ವನಿಗೂ ಬಿದ್ದವು. ಕೊನೆಗೆ ಆ ಚೀರಾಟಕ್ಕೆ ಅದು ಆಕೆಯನ್ನು ಬಿಟ್ಟು ಬಂಡೆಗಳೊಳಗೆ ನುಗ್ಗಿತು. ಅಷ್ಟು ಹೊತ್ತೂ ನಾನು ಏನು ಮಾಡುತ್ತಿದ್ದೆ? ತಾಟು ತೆಗೆಯಲೆಂದು ಸಿಕ್ಕಿಬಿದ್ದ ಜಿಪ್ಪನ್ನು ಎಳೆಯುತ್ತಿದ್ದೆ.

ಗಂಗಾವತಿ, ಅಲ್ಲಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ. ಕಣ್ಣು ಹೋಯಿತು, ಎಡಗೈಯ ಎರಡು ಬೆರಳು ಹೋದವು. ಶಿಕ್ಷಣ ಇಲಾಖೆಯ ಸಾಹೇಬರು ವಿಚಾರಣೆಗೆ ಬಂದಾಗ ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಹೊಲಿಗೆ ಹಾಕಿದ ಬಾಯಿಂದ ಆಕೆ ಒಂದೊಂದೇ ಮಾತು ಹೊರಡಿಸಿದಳು: "ಮಾಸ್ತರ ಕೂಗ್ಕೊಂತ ಹೋಗು ಅಂದಿದ್ರು. ನಾನ ಕೇಳಲಿಲ್ಲ. ತಪ್ಪ ನಂದು." ಸಾಹೇಬರು ಬರೆದುಕೊಂಡರು. ನಾನು ತಲೆ ತಗ್ಗಿಸಿದೆ. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಅವರು ಹೋದ ಮೇಲೆ ಯಾಕವ್ವ ಹಾಗೆ ಹೇಳಿದೆ ಎಂದು ಕೇಳಿದೆ. ಉಳಿದ ಕಣ್ಣಿಂದ ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು. "ನಿಮ್ಮನ್ನ ತಗದ್ರ ಇನ್ನೊಬ್ಬ ಮಾಸ್ತರ ಬರಾಕ ಎರಡ ವರ್ಷ ಬೇಕು. ಅಲ್ಲೀತನಾ ಲೆಕ್ಕ ಯಾರ ಕಲಸ್ತಾರ, ನಾನಾ? ಸುಮ್ನ ಹೋಗಿ ಪಾಠ ಮಾಡ್ರಿ."

ಮಕ್ಕಳು ಮನೆಗಳಲ್ಲಿ ನಿಜ ಹೇಳಿದವಂತೆ. ಆದರೆ ಗಾಯಗೊಂಡಾಕೆಯೇ ತಪ್ಪು ನನ್ನದು ಎನ್ನುವಾಗ ಹುಡುಗರ ಮಾತು ಯಾರು ಕೇಳುತ್ತಾರೆ? ಆಕೆಯ ಮಾತೇ ಊರಲ್ಲಿ ನಿಂತಿತು. ಕುರಿಗಾರರ ಮಗಳಾಗಿ ಇಷ್ಟೂ ಗೊತ್ತಾಗಲಿಲ್ಲವೇ ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ಹೆತ್ತ ಮಗಳಂತೂ ದಿನ ಬೆಳಗಾದರೆ, "ನಿನ್ನ ಸೊಕ್ಕಿಗೆ ಮಕ್ಕಳ ಜೀವ ಹೋಗ್ತಿತ್ತು" ಎಂದು ತಾಯಿಯ ಮೇಲೆ ಹರಿಹಾಯುತ್ತಿದ್ದಳು. ನನ್ನೆದುರಿಗೇ ಎಷ್ಟೋ ಸಲ ಬೈದಿದ್ದಾಳೆ. ಎಲ್ಲರಿಗೂ ಎದುರುತ್ತರ ಕೊಡುತ್ತಿದ್ದ ಅವ್ವ ಆಗ ಮಾತ್ರ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ನಾನೂ ಪುಸ್ತಕ ನೋಡುತ್ತ ಕೂರುತ್ತಿದ್ದೆ. ಆರು ವರ್ಷ ಹೀಗೇ ಹೋಯಿತು. ಆಮೇಲೆ ನನಗೆ ಕುಷ್ಟಗಿಯ ಕಡೆ ವರ್ಗವಾಯಿತು.

ವರ್ಗವಾದ ಕೆಲವೇ ತಿಂಗಳಿಗೆ, ಕಳೆದ ಚಳಿಗಾಲದಲ್ಲಿ, ಫೋನ್ ಬಂತು. ಮೂರು ದಿನ ಜ್ವರ ಬಂದು ಆಕೆ ತೀರಿಹೋಗಿದ್ದಳು. ನಾನು ತಲುಪುವ ಹೊತ್ತಿಗೆ ಹೊಲದ ಬದುವಿನಲ್ಲಿ ಕುಣಿ ತೋಡಿ, ಆಕೆಯನ್ನು ಕೆಳಗಿಳಿಸಿದ್ದರು. ಇನ್ನು ಮಣ್ಣು ಬಿದ್ದರೆ ಈ ಸುಳ್ಳೂ ಆಕೆಯ ಜೊತೆ ಒಳಗೆ ಹೋಗುತ್ತದೆ ಎನಿಸಿತು. ಕುಣಿಯ ಅಂಚಿಗೆ ಹೋಗಿ ನಿಂತೆ. ಊರ ಮಂದಿಯೆಲ್ಲ ಕೇಳುವಂತೆ, "ಅವತ್ತು ಗುಡ್ಡದಾಗ ಬಾಯಿ ಮುಚ್ಚು ಅಂದಾವ ನಾನು. ತಾಟು ಕಸಗೊಂಡಾವ ನಾನು. ಅವ್ವಂದು ಏನೂ ತಪ್ಪಿಲ್ಲ" ಎಂದೆ.

ಮಗಳು ಕುಣಿ ಸುತ್ತಿಕೊಂಡು ಬಂದು ನನ್ನ ಕೆನ್ನೆಗೆ ಹೊಡೆದಳು. ನಾನು ಮುಗ್ಗರಿಸಿದೆ, ಚಷ್ಮಾ ಹಾರಿಹೋಯಿತು, ಬಾಯಲ್ಲಿ ರಕ್ತದ ರುಚಿ. ಇನ್ನೊಂದು ಹೊಡೆದಳು. ಯಾರೂ ಬಿಡಿಸಲಿಲ್ಲ. "ಆರ ವರ್ಷ ಬೈದೀನ್ರಿ ನಮ್ಮವ್ವನ್ನ" ಎಂದಳು. "ಆರ ವರ್ಷ. ನೀವು ಕುಂತು ಕೇಳಿದ್ರಿ."

ಮೂರನೆಯದಕ್ಕೆ ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗೆ ಕೊಟ್ಟಳು.

"ಹಾಕ್ರಿ ಮಾಸ್ತರ. ಹೊತ್ತಾಗೈತಿ."